ಫ್ಯೂಸ್ ಜಾಗದಲ್ಲಿ ಒಂದು ಬಲ್ಬು

ಬೆಂಗಳೂರಿನ ಜೆ.ಸಿ. ರಸ್ತೆಗೆ ಕಾರಿನ ಬಿಡಿಭಾಗ ಕೊಳ್ಳಲು ಹೋಗುವವರೇ ಹೆಚ್ಚು. ಬಂಪರ್, ಸೀಟ್ ಕವರ್, ಹಾರ್ನ್ ತೂಗುಹಾಕಿದ ಅಂಗಡಿಗಳ ನಡುವೆ ಆಟೊ ಎಲೆಕ್ಟ್ರಿಷಿಯನ್‌ಗಳ ಪುಟ್ಟ ಮಳಿಗೆಗಳು ಕಣ್ಣಿಗೆ ಬೀಳುವುದು ಕಡಿಮೆ. ಅವರ ಕೆಲಸವೆಲ್ಲ ರಸ್ತೆ ಬದಿಯಲ್ಲೇ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಯಾರಾದರೂ ಮಲಗಿದ್ದರೆ ಅಲ್ಲಿ ‘ಷಾರ್ಟ್’ ಹುಡುಕಾಟ ನಡೆದಿದೆ ಎಂದುಕೊಳ್ಳಬಹುದು. ರಾಜ್ಯದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬ್ಯಾಟರಿ ಅಂಗಡಿಯ ಆಸುಪಾಸಿನಲ್ಲಿ ಇಂಥವರೊಬ್ಬರು ಸಿಗುತ್ತಾರೆ.

ಕಾರಿನ ವೈರಿಂಗ್ ಮನೆಯ ವೈರಿಂಗ್ ಥರ ಅಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಪ್ರತಿ ದೀಪಕ್ಕೂ ಮೋಟರಿಗೂ ವೈರು ಹೋಗುತ್ತದೆ. ಕರೆಂಟ್ ವಾಪಸ್ ಬರಲು ಬಹುಪಾಲು ಕಾರಿನ ಕಬ್ಬಿಣದ ಬಾಡಿಯೇ ದಾರಿ. ಹೀಗಾಗಿ ಅರ್ಧದಷ್ಟು ವೈರು ಉಳಿಯಿತು. ಆದರೆ ಹೊದಿಕೆ ಸವೆದು ತಾಮ್ರ ಎಲ್ಲಿ ಬಾಡಿಗೆ ತಗುಲಿದರೂ ಅಲ್ಲೇ ಷಾರ್ಟ್. 12 ವೋಲ್ಟ್ ಕೈಗೆ ಶಾಕ್ ಹೊಡೆಯುವುದಿಲ್ಲ, ನಿಜ. ಅದೇ ಬ್ಯಾಟರಿ ಷಾರ್ಟ್ ಆದರೆ ನೂರಾರು ಆಂಪಿಯರ್ ಹರಿಸಬಲ್ಲದು; ಸಣ್ಣ ವೈರು ಕಾದು ಹೊಗೆಯಾಡಲು ಕೆಲವು ಸೆಕೆಂಡು ಸಾಕು. ಅದಕ್ಕೇ ನಡುವೆ ಫ್ಯೂಸ್: ಕೆಂಪಾದರೆ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30.

ಒಳ್ಳೆಯ ಎಲೆಕ್ಟ್ರಿಷಿಯನ್ ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ‘ಯಾವಾಗ ಹೋಗುತ್ತೆ ಸಾರ್, ಲೈಟ್ ಹಾಕಿದಾಗಲಾ, ಬ್ರೇಕ್ ಒತ್ತಿದಾಗಲಾ? ಈಚೆಗೆ ಹಾರ್ನು, ಫಾಗ್ ಲ್ಯಾಂಪು ಏನಾದ್ರೂ ಹಾಕಿಸಿದ್ರಾ?’ ಹೊಸ ಫ್ಯೂಸ್ ಚುಚ್ಚಿದ ತಕ್ಷಣವೇ ಹೋದರೆ ತೊಂದರೆ ಸ್ವಿಚ್ಚಿಗಿಂತ ಹಿಂದೆ. ಸ್ವಿಚ್ ಹಾಕಿದ ಮೇಲೆ ಹೋದರೆ ಅದರ ಮುಂದೆ. ಹಳ್ಳ ಹತ್ತಿ ಇಳಿದಾಗ ಮಾತ್ರ ಹೋದರೆ ಎಲ್ಲೋ ಅಲುಗಾಡುವ ವೈರು ಬಾಡಿಗೆ ಉಜ್ಜುತ್ತಿದೆ. ಅರ್ಧ ಹುಡುಕಾಟ ಈ ಮಾತುಕತೆಯಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ಅವರ ಬಳಿ ಇರುವ ಸಾಧನ ಬಲು ಸರಳ: ಹೋಲ್ಡರಿಗೆ ಹಾಕಿ ಎರಡು ವೈರು ಬಿಟ್ಟ ಬ್ರೇಕ್ ಲೈಟಿನ 21 ವಾಟ್ ಬಲ್ಬು. ಸುಟ್ಟ ಫ್ಯೂಸ್ ಕಿತ್ತು ಆ ಜಾಗದ ಎರಡು ಕಾಲಿಗೆ ಬಲ್ಬಿನ ವೈರು ಸಿಕ್ಕಿಸುತ್ತಾರೆ. ಷಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಆದರೆ ತನ್ನ ಮೂಲಕ ಎರಡು ಆಂಪಿಯರ್ ಕೂಡ ಬಿಡುವುದಿಲ್ಲ. ವೈರು ಸುಡುವ ಭಯವಿಲ್ಲ. ಡಜನ್‌ಗಟ್ಟಲೆ ಫ್ಯೂಸ್ ಸುಟ್ಟು ಪರೀಕ್ಷಿಸಬೇಕಾಗಿಯೂ ಇಲ್ಲ. ಇನ್ನು ಒಂದೊಂದೇ ಕಪ್ಲರ್ ಬಿಚ್ಚುತ್ತ, ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಿಸುತ್ತ ಹೋಗುವುದು. ಬಲ್ಬು ಫಕ್ಕನೆ ಮಂಕಾದರೆ ಕಳ್ಳ ಅಲ್ಲೇ ಇದ್ದಾನೆ. ಸಾವಿರಾರು ರೂಪಾಯಿಯ ಮೀಟರ್ ಇಟ್ಟುಕೊಂಡವರೂ ಈ ಬಲ್ಬನ್ನು ಎಸೆದಿಲ್ಲ.

ಅನುಭವಿಗಳ ಕೈ ಕೆಲವು ಜಾಗಕ್ಕೆ ತಾನಾಗಿ ಹೋಗುತ್ತದೆ. ದಿನಕ್ಕೆ ಹತ್ತು ಸಲ ಮಡಚಿ ಬಿಚ್ಚುವ ಬಾಗಿಲು, ಡಿಕ್ಕಿಗಳ ಕೀಲಿನ ಬಳಿಯ ರಬ್ಬರ್ ಕೊಳವೆ. ನೀರಿಳಿದ ಹಿಂದಿನ ದೀಪದ ಹೋಲ್ಡರ್. ರಬ್ಬರ್ ಬುಷ್ ಇಲ್ಲದೆ ತಗಡಿನ ತೂತಿನಲ್ಲಿ ತೂರಿಸಿದ ವೈರು. ಆಮೇಲೆ ಇಲಿ. ಅಪಾರ್ಟ್‌ಮೆಂಟುಗಳ ನೆಲಮಹಡಿಯಲ್ಲಿ ವಾರಗಟ್ಟಲೆ ನಿಂತ ಕಾರು ಅದಕ್ಕೆ ಬಿಟ್ಟಿ ಮನೆ. ಗಣಪನ ವಾಹನ ನಮ್ಮ ವಾಹನದ ಮೇಲೆ ಹಲ್ಲು ಮಸೆಯುವುದು ಅನ್ಯಾಯವೇ ಸರಿ!

ಸಿಕ್ಕ ಮೇಲೆ ರಿಪೇರಿ ಹತ್ತು ನಿಮಿಷದ್ದು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೆಟ್ಟ ತುಂಡು ಕತ್ತರಿಸಿ, ಅಷ್ಟೇ ದಪ್ಪದ ವೈರು ಬೆಸೆದು, ಸ್ಲೀವ್ ಹಾಕಿ, ಉಜ್ಜದಂತೆ ಕಟ್ಟುವುದು. ಬಿಲ್ಲಿನ ಜಗಳ ಶುರುವಾಗುವುದೂ ಇಲ್ಲೇ. ‘ಎರಡಿಂಚು ವೈರಿಗೆ ಇಷ್ಟು ದುಡ್ಡಾ?’ ಎನ್ನುವವರು ಮೂರು ಗಂಟೆಯ ಹುಡುಕಾಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಕಸುಬಿನಲ್ಲಿ ಕೂಲಿ ಕೊಡಬೇಕಾದ್ದೇ ಹುಡುಕಾಟಕ್ಕೆ.

ಹುಡುಕಲು ಬೇಸರಪಟ್ಟವರ ಉಪಾಯಗಳೂ ಉಂಟು: 10ರ ಜಾಗಕ್ಕೆ 20ರ ಫ್ಯೂಸ್, ಅದೂ ಹೋದರೆ ತಾಮ್ರದ ಎಳೆ. ಕರೆಂಟ್ ಎರಡರಷ್ಟಾದರೆ ವೈರಿನ ಕಾವು ನಾಲ್ಕರಷ್ಟಾಗುತ್ತದೆ. ಫ್ಯೂಸ್ ಉಳಿಯುತ್ತದೆ, ವೈರಿನ ಕಟ್ಟು ಕರಗುತ್ತದೆ. ಇಂಥ ‘ರಿಪೇರಿ’ ಮಾಡುವವರನ್ನು ಮೇಸ್ತ್ರಿ ಎನ್ನಲು ನನಗೆ ಮನಸ್ಸಿಲ್ಲ.

ಈಗಿನ ಕಾರುಗಳು ಬೇರೆಯೇ. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ (ಆಡುಗೋಡಿಯ ಹಳಬರಿಗೆ ಈಗಲೂ ಅದು ಮೈಕೊ) ಹೊರತಂದ ಕ್ಯಾನ್ ವ್ಯವಸ್ಥೆಯಲ್ಲಿ ಹೊಸೆದ ಎರಡು ವೈರುಗಳ ಮೇಲೆ ಎಂಜಿನ್, ಬ್ರೇಕ್, ಮೀಟರ್‌ಗಳೆಲ್ಲ ಮಾತಾಡಿಕೊಳ್ಳುತ್ತವೆ. ಆ ಜೋಡಿ ಷಾರ್ಟ್ ಆದರೆ ಫ್ಯೂಸ್ ಹೋಗುವುದೇ ಇಲ್ಲ. ಮೀಟರಿನಲ್ಲಿ ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅಲ್ಲಿ ಬಲ್ಬಿನ ಆಟ ನಡೆಯದು. ಬ್ಯಾಟರಿ ಬಿಚ್ಚಿ ಓಮ್ ಅಳೆಯಬೇಕು. ಸುಮಾರು 60 ತೋರಿದರೆ ಸರಿ, ಸೊನ್ನೆಯ ಹತ್ತಿರ ಬಂದರೆ ಎರಡು ವೈರೂ ಕೂಡಿಕೊಂಡಿವೆ. ಏರ್‌ಬ್ಯಾಗಿನ ಹಳದಿ ಕಪ್ಲರ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಕೇಬಲ್‌ಗಳನ್ನಂತೂ ತರಬೇತಿ ಇಲ್ಲದವರು ಮುಟ್ಟಲೇಬಾರದು.

ನಿಮ್ಮ ಕಾರಿನಲ್ಲಿ ಒಂದೇ ಫ್ಯೂಸ್ ಎರಡನೇ ಸಲ ಹೋದರೆ ಮೂರನೆಯದನ್ನು ಹಾಕಬೇಡಿ. ಆಗ ಏನು ಮಾಡುತ್ತಿದ್ದಿರಿ, ಯಾವ ಸ್ವಿಚ್ ಒತ್ತಿದ್ದಿರಿ ಎಂಬುದನ್ನು ಬರೆದಿಟ್ಟುಕೊಂಡು ಎಲೆಕ್ಟ್ರಿಷಿಯನ್ ಬಳಿ ಹೋಗಿ, ಅವರು ಕೇಳುವ ಮೊದಲ ಪ್ರಶ್ನೆಯೇ ಅದು.