ವಿಷ ಸೇವಿಸಿದವರಿಗೆ ಉಪ್ಪುನೀರು ಕುಡಿಸಬೇಡಿ

ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ 2018ರ ಡಿಸೆಂಬರ್ 14ರಂದು ಹಂಚಲಾದ ಪ್ರಸಾದ 17 ಮಂದಿಯ ಪ್ರಾಣವನ್ನು ಬಲಿ ತೆಗೆದುಕೊಂಡಿತು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಹಲವರನ್ನು ದೂರದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಪ್ರಸಾದದಲ್ಲಿ ಬೆರೆತಿದ್ದುದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ.

ಆರ್ಗನೋಫಾಸ್ಫೇಟ್ ಗುಂಪಿನ ಈ ವಿಷವು ನರಗಳ ಸಂದೇಶವಾಹಕ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಅನ್ನು ವಿಭಜಿಸುವ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಪರಿಣಾಮವಾಗಿ ಕಣ್ಣಿನ ಪಾಪೆ ಕುಗ್ಗುತ್ತದೆ, ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಸ್ನಾಯುಗಳು ಅದುರುತ್ತವೆ. ಶ್ವಾಸನಾಳದಲ್ಲಿ ದ್ರವ ತುಂಬಿಕೊಂಡು, ಉಸಿರಾಟದ ಸ್ನಾಯುಗಳು ಸೋತಾಗ ಸಾವು ಸಂಭವಿಸುತ್ತದೆ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಹಾಗೂ ಅಗತ್ಯವಿದ್ದರೆ ಕೃತಕ ಉಸಿರಾಟವೇ ಮುಖ್ಯ ಚಿಕಿತ್ಸೆ. ಇವೆರಡೂ ಮನೆಯಲ್ಲಿ ದೊರೆಯುವಂಥವಲ್ಲ.

ವಾಂತಿ ಏಕೆ ಬೇಡ?

ಆದರೆ ನಮ್ಮಲ್ಲಿ ಬಹುತೇಕರು ಮೊದಲು ಮಾಡುವುದು ಉಪ್ಪುನೀರು, ಹುಣಸೆನೀರು ಅಥವಾ ಸಾಬೂನಿನ ನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ. ಇದು ಅಪಾಯಕಾರಿ. ಪ್ರಜ್ಞೆ ಮಂಕಾದವರಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಶೌಚಾಲಯ ತೊಳೆಯುವ ಆಸಿಡ್ ಕುಡಿದವರ ಅನ್ನನಾಳವು ವಾಂತಿಯಿಂದ ಎರಡನೇ ಬಾರಿ ಸುಡುತ್ತದೆ. ಸೀಮೆಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೇ ಹೆಚ್ಚು ಮಾರಕ. ಅತಿಯಾದ ಉಪ್ಪು ರಕ್ತದ ಸೋಡಿಯಂ ಪ್ರಮಾಣ ಏರಿಸಿ, ತಾನೇ ಮತ್ತೊಂದು ವಿಷವಾಗಬಲ್ಲದು.

ತಕ್ಷಣ ಮಾಡಬೇಕಾದುದೇನು?

ಮೊದಲು 108ಕ್ಕೆ ಕರೆ ಮಾಡಿ. ಪ್ರಜ್ಞೆಯಿಲ್ಲದವರು ಉಸಿರಾಡುತ್ತಿದ್ದರೆ ಅವರನ್ನು ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. ಕೀಟನಾಶಕ ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು, ಸಾಬೂನು ಹಚ್ಚಿ ಧಾರಾಳವಾದ ನೀರಿನಿಂದ ತೊಳೆಯಿರಿ. ಈ ವಿಷ ಚರ್ಮದ ಮೂಲಕವೂ ದೇಹ ಸೇರುವುದರಿಂದ ತೊಳೆಯುವವರು ಕೈಗವಸು ಧರಿಸಬೇಕು. ಕಣ್ಣಿಗೆ ರಾಸಾಯನಿಕ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ. ವಿಷಾನಿಲ ಸೇವಿಸಿದವರನ್ನು ಬಯಲಿಗೆ ತನ್ನಿ. ಆದರೆ ಅನಿಲ ತುಂಬಿದ ಗುಂಡಿಗೆ ರಕ್ಷಣೆಗೆಂದು ನೀವೇ ಇಳಿಯಬೇಡಿ.

ಆಸ್ಪತ್ರೆಗೆ ತೆರಳುವಾಗ ವಿಷದ ಬಾಟಲಿ ಅಥವಾ ಪೊಟ್ಟಣವನ್ನು ಒಯ್ಯಿರಿ. ಸೇವಿಸಿದ ಸಮಯ ಮತ್ತು ಅಂದಾಜು ಪ್ರಮಾಣವನ್ನು ವೈದ್ಯರಿಗೆ ತಿಳಿಸಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು 1800 116 117 ಶುಲ್ಕರಹಿತ ಸಂಖ್ಯೆಯಲ್ಲಿ ಸಲಹೆ ನೀಡುತ್ತದೆ.

ಮುಚ್ಚಿಡುವುದು ಬೇಡ

ಆತ್ಮಹತ್ಯೆಗೆ ಯತ್ನಿಸಿದ ಪ್ರಕರಣಗಳಲ್ಲಿ ಪೊಲೀಸರ ಭಯದಿಂದ ಸತ್ಯ ಮರೆಮಾಚುವ ಕುಟುಂಬಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಭಾವಿಸುತ್ತದೆ; ಅವರಿಗೆ ಬೇಕಿರುವುದು ಶಿಕ್ಷೆಯಲ್ಲ, ಆರೈಕೆ. ಮಾನಸಿಕ ನೆರವಿಗೆ 14416 ಸಹಾಯವಾಣಿಯಿದೆ. ಸುಳ್ಳು ಹೇಳಿದಷ್ಟೂ ಚಿಕಿತ್ಸೆ ತಡವಾಗುತ್ತದೆ.

ಚೇತರಿಸಿಕೊಂಡಂತೆ ಕಂಡರೂ ಅವಸರದಿಂದ ಮನೆಗೆ ಕರೆತರುವುದು ಸಲ್ಲದು. ಆರ್ಗನೋಫಾಸ್ಫೇಟ್ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳ ನಂತರವೂ ಕತ್ತಿನ ಹಾಗೂ ಉಸಿರಾಟದ ಸ್ನಾಯುಗಳು ದುರ್ಬಲಗೊಳ್ಳಬಹುದು. ವೈದ್ಯರು ಬಿಡುಗಡೆ ಮಾಡುವವರೆಗೆ ಕಾಯುವುದೂ ಚಿಕಿತ್ಸೆಯ ಭಾಗವೇ ಆಗಿದೆ.