ಪದರ ಹಲವು, ಅಳತೆ ಯಾವುದು?

ಪ್ರಶ್ನೆ: ಹಲವು ಪದರಗಳ ಸಾವಯವ ಸೌರಕೋಶದ ಸಾಮರ್ಥ್ಯವನ್ನು ಹೇಗೆ ಅಳೆಯುತ್ತಾರೆ? ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನ ಬಿಸಿಲಿಗೂ ಆ ಅಂಕಿ ನಿಜವೇ?

ಉತ್ತರ: ಪ್ರಯೋಗಾಲಯದ ಕೃತಕ ಸೂರ್ಯ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಸುರಿಸುತ್ತದೆ, ಕೋಶವನ್ನು 25 ಡಿಗ್ರಿಯಲ್ಲಿ ಇಡುತ್ತಾರೆ. ಒಂದು ಚದರ ಸೆಂಟಿಮೀಟರಿನ ಕೋಶದ ಮೇಲೆ ಬೀಳುವುದು 100 ಮಿಲಿವ್ಯಾಟ್. ಅದರಿಂದ 15 ಮಿಲಿವ್ಯಾಟ್ ವಿದ್ಯುತ್ ಬಂದರೆ ದಕ್ಷತೆ ಶೇ. 15.

1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಪ್ರಕಟಿಸಿದ ಎರಡು ಪದರದ ಸಾವಯವ ಕೋಶದ ದಕ್ಷತೆ ಸುಮಾರು ಶೇ. 1 ಮಾತ್ರ.

ಅಲ್ಲಿ ಪದರ ಎರಡಾದರೂ ಕೋಶ ಒಂದೇ. ಕೋಶದ ಮೇಲೆ ಕೋಶ ಜೋಡಿಸಿದಾಗ ಅಳತೆ ನಿಜಕ್ಕೂ ಕಷ್ಟ. ಸರಣಿ ಜೋಡಣೆಯಲ್ಲಿ ವೋಲ್ಟೇಜುಗಳು ಕೂಡುತ್ತವೆ, ಆದರೆ ಕರೆಂಟನ್ನು ದುರ್ಬಲ ಕೋಶವೇ ನಿರ್ಧರಿಸುತ್ತದೆ: ಒಂದು 12, ಇನ್ನೊಂದು 9 ಮಿಲಿಆಂಪಿಯರ್ ಕೊಟ್ಟರೆ ಹೊರಬರುವುದು ಹೆಚ್ಚುಕಡಿಮೆ 9. ಹೀಗಾಗಿ ಒಂದನ್ನು ಪರೀಕ್ಷಿಸುವಾಗ, ಇನ್ನೊಂದು ಅಡ್ಡಿಯಾಗದಂತೆ ಆ ಇನ್ನೊಂದು ಕೋಶ ಹೀರುವ ಬಣ್ಣದ ಬೆಳಕನ್ನು ಪ್ರತ್ಯೇಕವಾಗಿ ಹಾಯಿಸುತ್ತಾರೆ. ದೀಪದಲ್ಲಿ ಕೆಂಪು ಸ್ವಲ್ಪ ಹೆಚ್ಚಾದರೂ ಫಲಿತಾಂಶ ದಾರಿ ತಪ್ಪುತ್ತದೆ. ಕೋಶದ ವಿಸ್ತೀರ್ಣವನ್ನೂ ರಂಧ್ರವಿರುವ ತಗಡಿನಿಂದ ಕರಾರುವಾಕ್ಕಾಗಿ ಗುರುತಿಸಬೇಕು. ಅಂಚಿನಿಂದ ನುಸುಳುವ ಬೆಳಕು ದಕ್ಷತೆಯನ್ನು ಸುಳ್ಳೇ ಹಿಗ್ಗಿಸುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರ ತಂಡ ಸಾವಯವ ಸೌರಕೋಶಗಳನ್ನು ಬಹುಕಾಲದಿಂದ ಅಧ್ಯಯನ ಮಾಡಿದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1500 ಎಕರೆ ಆವರಣವಿದೆ. ಹೊರಾಂಗಣ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೆ ಪ್ರಯೋಗಾಲಯದ ಅಂಕಿ ನಮ್ಮ ಬಿಸಿಲಿಗೆ ಹಾಗೆಯೇ ಹೊಂದುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಫಲಕದ ಬಿಸಿ 25 ಡಿಗ್ರಿಯನ್ನು ಎಷ್ಟೋ ಮೀರುತ್ತದೆ. ಆಮ್ಲಜನಕ, ತೇವ, ನೇರಳಾತೀತ ಕಿರಣಗಳು ಸಾವಯವ ಪದರಗಳನ್ನು ಕೆಡಿಸುತ್ತವೆ. ಆದ್ದರಿಂದ ಕೊಳ್ಳುವವರು ಮೊದಲ ದಿನದ ದಕ್ಷತೆಯ ಜೊತೆಗೆ, ಬಯಲಿನಲ್ಲಿ ವರ್ಷ ಕಳೆದ ಮೇಲಿನ ದಕ್ಷತೆಯನ್ನೂ ಕೇಳಿ ಪಡೆಯಬೇಕು.