ಸಂಘದ ಜಗಳ ಮೊಬೈಲಿನಲ್ಲಿ ತೀರೋದಿಲ್ಲ



ಸಂಘದ ಪ್ರತಿನಿಧಿ ಯಾರಾಗಬೇಕು ಎಂಬ ಮಾತು ಈಗ ಸಭೆಗಿಂತ ಮೊದಲೇ ವಾಟ್ಸಾಪ್‌ನಲ್ಲಿ ಶುರುವಾಗುತ್ತದೆ. ನಾವು ಭೇಟಿ ಕೊಟ್ಟ ಒಂದು ಸಂಘದಲ್ಲಿ "ಲೆಕ್ಕ ಸರಿ ಇಲ್ಲ, ಅವಳನ್ನ ಇಳಿಸಿ" ಎಂಬ ಸಂದೇಶ ಒಂದೇ ರಾತ್ರಿಯಲ್ಲಿ ಊರೆಲ್ಲ ಸುತ್ತಿತ್ತು. ಸ್ಮಾರ್ಟ್‌ಫೋನ್ ಇಲ್ಲದ ನಾಲ್ವರು ಸದಸ್ಯೆಯರಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಎರಡು ತಿಂಗಳು ಉಳಿತಾಯ ನಿಂತೇಹೋಯಿತು. ಕೊನೆಗೆ ಎಲ್ಲರೆದುರು ಪುಸ್ತಕ ತೆರೆದು ನೋಡಿದರೆ, ಸಾಲದ ಒಂದು ಕಂತು ಬರೆಯೋದು ಬಿಟ್ಟುಹೋಗಿತ್ತು, ಅಷ್ಟೇ. ಹಣ ಬ್ಯಾಂಕಿನಲ್ಲೇ ಇತ್ತು.

ಹಾಗಾದರೆ ಪ್ರಶ್ನೆ ಕೇಳಬಾರದೇ? ಕೇಳಲೇಬೇಕು, ಆದರೆ ಸಭೆಯಲ್ಲಿ. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪತ್ರ ಎಂಬ ಪಂಚಸೂತ್ರದಲ್ಲಿ ಸಭೆಯೇ ಮೊದಲನೆಯದು.

* ಸಭೆಯ ದಿನ, ವಿಷಯವನ್ನು ಮೊಬೈಲಿನಲ್ಲಿ ತಿಳಿಸಿ. ಫೋನ್ ಇಲ್ಲದವರಿಗೆ ಮನೆಗೆ ಹೋಗಿ ಹೇಳಿ.
* ಆರೋಪವಿದ್ದರೆ ಪುಸ್ತಕ, ಪಾಸ್‌ಬುಕ್ ಎದುರಿಟ್ಟು ಕೇಳಿ. ಆಕೆಗೂ ಉತ್ತರಿಸಲು ಅವಕಾಶ ಕೊಡಿ.
* ಪ್ರತಿನಿಧಿ ಬದಲಾದರೆ ನಡಾವಳಿ ಪುಸ್ತಕದಲ್ಲಿ ಠರಾವು ಬರೆದು ಸಹಿ ಹಾಕಿ. ಖಾತೆಯ ಸಹಿ ಬದಲಿಸಲು ಬ್ಯಾಂಕು ಕೇಳುವುದು ಠರಾವನ್ನು, ವಾಟ್ಸಾಪ್ ಸಂದೇಶವನ್ನಲ್ಲ.

ಸಂಘದಲ್ಲಿ ಎದ್ದುನಿಂತು ಲೆಕ್ಕ ಕೇಳಲು ಕಲಿತವಳು ನಾಳೆ ಗ್ರಾಮಸಭೆಯಲ್ಲೂ ಧೈರ್ಯವಾಗಿ ಕೇಳುತ್ತಾಳೆ. ಮುಂದಿನ ಸಭೆಯಿಂದಲೇ ಶುರು ಮಾಡೋಣ ಅಲ್ಲವೇ?